ಅಂಟು ಒಣಗುವ ಹೊತ್ತು, ಓದುವ ಹೊತ್ತು: ಹಳೆಯ ಪುಸ್ತಕಗಳನ್ನು ಮನೆಯಲ್ಲೇ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ನನ್ನ ಅಜ್ಜ ಓದುವಾಗ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು. ಒಂದು ಪದದ ಅರ್ಥ, ಒಂದು ತಕರಾರು, ಒಮ್ಮೊಮ್ಮೆ ಅವತ್ತು ಬಂದ ಮಳೆ. ಅವರು ಹೋದ ಮೇಲೆ, ಬೆನ್ನು ಕಿತ್ತುಹೋಗಿದ್ದ ಅವರ ಒಂದು ಪುಸ್ತಕವನ್ನು ಬೈಂಡಿಂಗಿಗೆ ಕೊಟ್ಟೆ. ವಾರದ ನಂತರ ಅದು ಗಟ್ಟಿಮುಟ್ಟಾಗಿ, ಮೂರು ಅಂಚನ್ನೂ ಯಂತ್ರದಲ್ಲಿ ಸಮ ಮಾಡಿಸಿಕೊಂಡು ವಾಪಸ್ ಬಂತು. ಅಜ್ಜ ಬರೆದ ಸಾಲುಗಳ ಕೊನೆಯ ಅಕ್ಷರಗಳೆಲ್ಲ ಕತ್ತರಿಗೆ ಹೋಗಿದ್ದವು. ಅಂಚು ಕತ್ತರಿಸಬೇಡಿ ಎಂದು ನಾನು ಹೇಳಿರಲಿಲ್ಲ, ಅಂಗಡಿಯವರು ಕೇಳಿರಲಿಲ್ಲ. ಉಳಿದ ಪುಸ್ತಕಗಳನ್ನು ನಾನೇ ಸರಿಪಡಿಸುತ್ತೇನೆ ಎಂದು ಅವತ್ತು ಕೂತವನು ಇನ್ನೂ ಎದ್ದಿಲ್ಲ.

ಕೆಲಸಕ್ಕೆ ಕೈಹಚ್ಚಿದ ಮೇಲೆ ಗೊತ್ತಾಗಿದ್ದು ಇಷ್ಟು: ಇದರಲ್ಲಿ ಕೈ ಆಡುವ ಹೊತ್ತು ಕಡಿಮೆ, ಕಾಯುವ ಹೊತ್ತು ಜಾಸ್ತಿ. ಹತ್ತು ನಿಮಿಷ ಅಂಟು ಹಚ್ಚಿದರೆ ಮೂರು ಗಂಟೆ ಒಣಗಲು ಬಿಡಬೇಕು. ಆ ಮೂರು ಗಂಟೆ ಓದಿಗೆ ಸಿಗುತ್ತದೆ. ಭಾನುವಾರ ಓದಬೇಕು ಅಂತ ಸುಮ್ಮನೆ ಕೂತರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಪಕ್ಕದ ಮೇಜಿನಲ್ಲಿ ಭಾರದ ಕೆಳಗೆ ಒಂದು ಪುಸ್ತಕ ಒಣಗುತ್ತಿದ್ದರೆ ಮನಸ್ಸು ಮನೆಯಲ್ಲೇ ಇರುತ್ತದೆ. ಸರಿಪಡಿಸುವಾಗ ಪ್ರತಿ ಹಾಳೆಯೂ ಕೈಮೇಲೆ ಹಾದುಹೋಗುವುದರಿಂದ ಕಣ್ಣು ಅಲ್ಲಲ್ಲಿ ಒಂದೊಂದು ಸಾಲಿಗೆ ಸಿಕ್ಕಿಬೀಳುತ್ತದೆ. ರಟ್ಟು ಹಾಕುವಷ್ಟರಲ್ಲಿ ಪುಸ್ತಕ ಅರ್ಧ ಪರಿಚಯವಾಗಿರುತ್ತದೆ.

ಯಾವ ಪುಸ್ತಕದಿಂದ ಶುರು ಮಾಡಬೇಕು

ಮನೆಯ ಹಳೆ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿ. ತೀರಾ ಪ್ರೀತಿಯದನ್ನು ಮೊದಲು ಮುಟ್ಟಬೇಡಿ. ಇನ್ನೊಂದು ಪ್ರತಿ ಸುಲಭವಾಗಿ ಸಿಗುವಂಥ, ಆದರೆ ನಿಮಗೆ ಓದುವ ಆಸೆ ಇರುವಂಥ ಒಂದನ್ನು ಎತ್ತಿಕೊಳ್ಳಿ. ಓದುವ ಆಸೆ ಇರಲೇಬೇಕು. ಆಸೆಯಿಲ್ಲದ ಪುಸ್ತಕವನ್ನು ರಿಪೇರಿ ಮಾಡಲು ಹೊರಟರೆ ಎರಡನೇ ದಿನಕ್ಕೇ ಕೆಲಸ ನಿಂತುಹೋಗುತ್ತದೆ.

ಆಮೇಲೆ ಬೆನ್ನನ್ನು ಮೇಲಿನಿಂದ ನೋಡಿ. ಹಾಳೆಗಳು ಕಂತೆಕಂತೆಯಾಗಿ ಮಡಚಿಕೊಂಡಿದ್ದರೆ ಅದು ಹೊಲಿಗೆಯ ಪುಸ್ತಕ. ಮುದ್ರಕರು ಆ ಕಂತೆಗೆ ಫಾರಂ ಅನ್ನುತ್ತಾರೆ, ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. ಮಡಿಕೆಯೇ ಇಲ್ಲದೆ ಬಿಡಿ ಹಾಳೆಗಳ ಅಂಚು ಸಾಲಾಗಿ ಅಂಟಿಕೊಂಡಿದ್ದರೆ ಅದು ಬರೀ ಅಂಟಿನ ಮೇಲೆ ನಿಂತ ಪುಸ್ತಕ. ಇತ್ತೀಚಿನ ಪೇಪರ್‌ಬ್ಯಾಕ್‌ಗಳು ಹೆಚ್ಚಾಗಿ ಈ ಎರಡನೇ ಜಾತಿಯವು. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು ಪರೀಕ್ಷೆ ಇದೆ. ಯಾವುದಾದರೂ ಖಾಲಿ ಪುಟದ ಮೂಲೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಮಡಿಚಿ. ಎರಡು ಮೂರು ಸಲಕ್ಕೇ ಹಪ್ಪಳದಂತೆ ಮುರಿದರೆ ಆ ಕಾಗದಕ್ಕೆ ಹೊಲಿಗೆ ಬೇಡ, ಬೆನ್ನಿನ ಅಂಟೂ ಬೇಡ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಕಾಲಾಂತರದಲ್ಲಿ ಆಮ್ಲ ಹೆಚ್ಚಿ ನಾರು ಪುಡಿಯಾಗುತ್ತದೆ. ಅಂಥ ಪುಸ್ತಕದ ಎರಡು ಕಡೆ ರಟ್ಟು ಇಟ್ಟು, ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹಿಂದಿನವರು ಕಟ್ಟುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದದ್ದು ಇದೇ ಕ್ರಮ, ಇವತ್ತಿಗೂ ಅದಕ್ಕಿಂತ ಸರಳವಾದ ದಾರಿ ನನಗೆ ಕಂಡಿಲ್ಲ.

ಓಲೆಗರಿ, ಕೈಬರಹದ ಕಡತ ಸಿಕ್ಕರೆ ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಿ. 1891ರಲ್ಲಿ ಶುರುವಾದ ಆ ಸಂಸ್ಥೆಗೆ ಹೀಗೇ ಬಂದು ಸೇರಿದ ಓಲೆಗರಿಯ ಕಟ್ಟೊಂದರಲ್ಲೇ ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು.

ಧೂಳು, ಬೂಷ್ಟು, ಹುಳು

ಬಿಸಿಲು ಕಾಯುವ ಒಣ ದಿನ ನೋಡಿ, ಮೂಗಿಗೆ ಮಾಸ್ಕ್ ಕಟ್ಟಿ, ಹೊರಗೆ ನೆರಳಲ್ಲಿ ಕೂತು ಮೆದು ಬ್ರಷ್‌ನಿಂದ ಒಂದೊಂದೇ ಪುಟ ಗುಡಿಸಿ. ಬ್ರಷ್ ಯಾವಾಗಲೂ ಬೆನ್ನಿನಿಂದ ಹೊರ ಅಂಚಿನ ಕಡೆಗೆ ಹೋಗಬೇಕು. ಒದ್ದೆ ಬಟ್ಟೆ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೂಷ್ಟು ಕಂಡರೆ ಮೊದಲು ಗಾಳಿಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಗುಡಿಸಿ. ಹಸಿ ಬೂಷ್ಟನ್ನು ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ.

ಪುಟಗಳಲ್ಲಿ ಸುರಂಗದಂಥ ತೂತು, ಮೇಜಿನ ಮೇಲೆ ಸಣ್ಣ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ತೆಗೆದು, ಬಿಗಿಯಾಗಿ ಮುಚ್ಚಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವ ಹಾಳೆಯ ಮೇಲೆ ಕೂರುತ್ತದೆ. ನುಸಿಗುಳಿಗೆಯಿಂದ ಹುಳುವಿಗಿಂತ ಮನೆಯವರ ಶ್ವಾಸಕ್ಕೆ ಹೆಚ್ಚು ತೊಂದರೆ, ನಾನು ಬಳಸುವುದಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನೆಲೆ, ಬಜೆ ಬೇರಿನ ತುಂಡನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಗಿಡುತ್ತೇನೆ. ಆದರೂ ಪುಸ್ತಕವನ್ನು ಕಾಯುವುದು ತೆಗೆದು ನೋಡುವ ಅಭ್ಯಾಸವೇ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಡುತ್ತೀರಲ್ಲ, ಆ ಹಿಂದಿನ ದಿನ ಎರಡು ಪುಸ್ತಕದ ಬದಲು ಇಡೀ ಕಪಾಟನ್ನೇ ಇಳಿಸಿ ಒರೆಸಿ.

ಮೈದಾ ಅಂಟು

ಇಡೀ ಕೆಲಸದ ಜೀವ ಇದು. ಸೆಲ್ಲೋಟೇಪನ್ನು ಮೊದಲು ಮನೆಯಿಂದ ಹೊರಗೆ ಹಾಕಿ. ಹುಡುಗನಾಗಿದ್ದಾಗ ನಾನೇ ಅಂಟಿಸಿದ್ದ ಟೇಪು ಇವತ್ತು ಹಳದಿಯಾಗಿ, ಅಂಟು ಅಕ್ಷರದೊಳಗೆ ಇಳಿದು, ತೆಗೆಯಲು ಹೋದರೆ ಅಚ್ಚೇ ಎದ್ದುಬರುತ್ತದೆ. ಮೈದಾ ಅಂಟಿನ ದೊಡ್ಡ ಗುಣವೆಂದರೆ ನೀರು ತಾಗಿಸಿದರೆ ಮತ್ತೆ ಬಿಡುತ್ತದೆ. ನೀವು ಇವತ್ತು ತಪ್ಪು ಮಾಡಿದರೂ ನಾಳೆ ಇನ್ನೊಬ್ಬರು ಅದನ್ನು ಬಿಚ್ಚಿ ಸರಿಮಾಡಬಹುದು.

ಎರಡು ದೊಡ್ಡ ಚಮಚ ಮೈದಾಕ್ಕೆ ಹತ್ತು ಚಮಚ ನೀರು. ಮೊದಲು ಎರಡು ಚಮಚ ತಣ್ಣೀರಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕದಡಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಿ. ಶುರುವಿನಲ್ಲಿ ಹಾಲಿನ ಹಾಗೆ ಬೆಳ್ಳಗಿರುತ್ತದೆ. ನಾಲ್ಕೈದು ನಿಮಿಷಕ್ಕೆ ತಳದಲ್ಲಿ ದಪ್ಪಗಾಗಿ ಚಮಚಕ್ಕೆ ತಡೆ ಸಿಗುತ್ತದೆ. ಇಲ್ಲಿ ಇಳಿಸಬೇಡಿ, ಬಹಳ ಜನ ಇಲ್ಲೇ ಇಳಿಸಿ ಅಂಟು ಹಿಡಿಯಲಿಲ್ಲ ಅನ್ನುತ್ತಾರೆ. ಇನ್ನೂ ನಾಲ್ಕು ನಿಮಿಷ ತಿರುವುತ್ತಿದ್ದರೆ ಬಿಳುಪು ಹೋಗಿ ಗಂಜಿಯ ಹಾಗೆ ಪಾರದರ್ಶಕ ಹೊಳಪು ಬರುತ್ತದೆ, ಚಮಚ ಎತ್ತಿದರೆ ಪದರವಾಗಿ ಇಳಿಯುತ್ತದೆ. ಅದೇ ಹದ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ. ಹರಿದ ಹಾಳೆಗೆ ಮಜ್ಜಿಗೆಯಷ್ಟು ತೆಳು ಮಾಡಿಕೊಳ್ಳಿ, ರಟ್ಟಿಗೆ ದೋಸೆ ಹಿಟ್ಟಿನಷ್ಟು ದಪ್ಪ ಇರಲಿ. ಫ್ರಿಜ್‌ನಲ್ಲಿ ನಾಲ್ಕೈದು ದಿನ ಬಾಳುತ್ತದೆ. ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೆ ಹಾಕಿ, ಹೊಸದು ಕಾಯಿಸಿ.

ಬೈಂಡಿಂಗ್ ಅಂಗಡಿಗಳಲ್ಲಿ ಹುಳು ಬಾರದಿರಲಿ ಎಂದು ಅಂಟಿಗೆ ಮೈಲುತುತ್ತ ಬೆರೆಸುವ ರೂಢಿ ಇದೆ. ಅದು ವಿಷ, ಜೊತೆಗೆ ತಾಮ್ರದ ಅಂಶ ಕಾಗದವನ್ನು ಬೇಗ ಸವೆಸುತ್ತದೆ. ಅಡುಗೆಮನೆಯಲ್ಲಿ ಮಾಡುವ ಅಂಟಿಗೆ ಅದು ಬೇಡವೇ ಬೇಡ.

ಹರಿದ ಹಾಳೆ

ಕಲಾ ಸಾಮಗ್ರಿಯ ಅಂಗಡಿಯಲ್ಲಿ ಉದ್ದ ನಾರಿನ ತೆಳು ಟಿಶ್ಯೂ ಕಾಗದ ಕೇಳಿ. ಜಪಾನಿನ ಕೋಜೊ ಕಾಗದ ಸಿಕ್ಕರೆ ಅತ್ಯುತ್ತಮ. ಅದನ್ನು ಕತ್ತರಿಯಲ್ಲಿ ಕತ್ತರಿಸಬಾರದು. ನೀರಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಒಂದು ಗೆರೆ ಎಳೆದು, ಗೆರೆಯ ಎರಡು ಬದಿ ಹಿಡಿದು ಮೆಲ್ಲಗೆ ಎಳೆದರೆ 6-8 ಮಿ.ಮೀ. ಅಗಲದ ಪಟ್ಟಿ ಬಿಟ್ಟುಬರುತ್ತದೆ. ಅಂಚಿನಲ್ಲಿ ಎಳೆಎಳೆ ನಾರು ಕಾಣುತ್ತದೆ. ಈ ನಾರೇ ಹಾಳೆಯನ್ನು ಹಿಡಿಯುವುದು. ಹರಿದ ಎರಡು ಅಂಚುಗಳನ್ನು ಅಕ್ಷರ ಕೂಡುವಂತೆ ಹೊಂದಿಸಿ, ಪಟ್ಟಿಗೆ ತೆಳು ಅಂಟು ಹಚ್ಚಿ ಇಟ್ಟು, ಬೆರಳಲ್ಲಿ ಒತ್ತಿ. ಮೇಲೂ ಕೆಳಗೂ ಬಟರ್ ಪೇಪರ್, ಅದರ ಮೇಲೆ ಬ್ಲಾಟಿಂಗ್ ಪೇಪರ್ ಅಥವಾ ಹತ್ತಿ ಬಟ್ಟೆ, ಅದರ ಮೇಲೆ ಭಾರ. ನನ್ನ ಮನೆಯಲ್ಲಿ ಭಾರಕ್ಕೆ ಹಳೇ ಗುಂಡುಕಲ್ಲು ಇದೆ, ಕಾಗದ ಸುತ್ತಿದ ಎರಡು ಇಟ್ಟಿಗೆಯೂ ಸಾಕು. ಮೂರು ಗಂಟೆ ಬಿಡಿ. ಒಣಗಿದ ಮೇಲೆ ಪಟ್ಟಿಯೊಳಗಿಂದ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆ.

ಪುಟವೇ ಕಳೆದುಹೋಗಿದ್ದರೆ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹುಡುಕಿ, ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಅಲ್ಲಿ ಬಹಳ ಇವೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಅಂಥ ಪುಸ್ತಕದ ಆ ಎರಡು ಪುಟ ಮುದ್ರಿಸಿ ಸೇರಿಸಲು ಯಾರ ಅಡ್ಡಿಯೂ ಇಲ್ಲ.

ಬೆನ್ನು ಬಿಟ್ಟ ಪೇಪರ್‌ಬ್ಯಾಕ್

ಇಲ್ಲಿ ಮಾತ್ರ ಮೈದಾ ಸಾಲದು, ಬಗ್ಗಿದರೂ ಬಿಡದ ಬಿಳಿ ಅಂಟು ಬೇಕು. ಹಳೇ ಅಂಟನ್ನು ಚಾಕುವಿನ ಮೊಂಡು ಬದಿಯಿಂದ ಕೆರೆದು ತೆಗೆಯಿರಿ. ಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸಿ, ಮೇಜಿಗೆ ಕುಟ್ಟಿ ಬೆನ್ನು ಮತ್ತು ಮೇಲಂಚು ಸಮ ಮಾಡಿ. ಎರಡು ರಟ್ಟಿನ ಮಧ್ಯೆ, ಬೆನ್ನಿನ ಕಡೆ ಎರಡು ಬೆರಳಷ್ಟು ಹೊರಚಾಚುವಂತೆ ಹಿಡಿದು, ಆ ಚಾಚಿದ ಭಾಗವನ್ನು ಬಲಕ್ಕೆ ಬಾಗಿಸಿ. ಹಾಳೆಗಳು ಬೀಸಣಿಗೆಯಂತೆ ಸ್ವಲ್ಪ ಸ್ವಲ್ಪ ಸರಿದು ಪ್ರತಿಯೊಂದರ ಅಂಚೂ ಕೂದಲೆಳೆಯಷ್ಟು ಕಾಣುತ್ತದೆ. ಆಗ ಅಂಟು ಬಳಿಯಿರಿ. ಎಡಕ್ಕೆ ಬಾಗಿಸಿ ಇನ್ನೊಮ್ಮೆ ಬಳಿಯಿರಿ. ನೆಟ್ಟಗೆ ಮಾಡಿ, ಬೆನ್ನಿನ ಮೇಲೆ ಹಳೇ ಪಂಚೆಯ ತುಂಡು ಅಂಟಿಸಿ. ಆ ತುಂಡು ಎರಡು ಕಡೆ 2.5 ಸೆಂ.ಮೀ. ಹೊರಗೆ ಬರಬೇಕು, ನಾಳೆ ಅದೇ ರಟ್ಟನ್ನು ಹಿಡಿಯುವುದು. ರಾತ್ರಿಯಿಡೀ ಭಾರದ ಕೆಳಗಿರಲಿ.

ಪುಸ್ತಕದ ಅಂಗಡಿಯಲ್ಲಿ ಇಷ್ಟಪಟ್ಟು ಕೊಂಡು, ಮೂರನೇ ಓದಿಗೆ ಹಾಳೆ ಕಳಚಿದ ಪುಸ್ತಕಗಳಿಗೆಲ್ಲ ಇಷ್ಟೇ ಚಿಕಿತ್ಸೆ. ಅವನ್ನು ರದ್ದಿಗೆ ಹಾಕಬೇಡಿ.

ಹೊಲಿಗೆ: ಮೊದಲು ಒಂದು ನೋಟ್‌ಬುಕ್

ಹೊಲಿಗೆಯ ಪುಸ್ತಕವನ್ನು ಬಿಚ್ಚುವ ಮೊದಲು ಕೈ ಪಳಗಿಸಲು ಒಂದು ನೋಟ್‌ಬುಕ್ ಮಾಡಿ. ಓದುವಾಗ ಸಿಕ್ಕ ಹೊಸ ಪದ, ಇಷ್ಟವಾದ ಸಾಲು ಬರೆದಿಡಲು ಅದು ಬೇಕೇ ಬೇಕು.

ಅದಕ್ಕೂ ಮೊದಲು ಒಂದು ಹಳೇ ದಿನಪತ್ರಿಕೆ ಹರಿದು ನೋಡಿ. ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಬರುತ್ತದೆ, ಅಡ್ಡ ಹರಿದರೆ ಹಲ್ಲುಹಲ್ಲಾಗಿ ಎತ್ತಲೋ ಹೋಗುತ್ತದೆ. ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುವುದು ಇದಕ್ಕೆ ಕಾರಣ. ಮಡಿಕೆ ನಾರಿನ ಗುಂಟ ಇದ್ದರೆ ಪುಸ್ತಕ ತೆರೆದಿಟ್ಟಲ್ಲಿ ತೆರೆದಿರುತ್ತದೆ, ಅಡ್ಡ ಇದ್ದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಅಂಟಿನ ತೇವಕ್ಕೆ ಕಾಗದ ಹಿಗ್ಗುವುದೂ ನಾರಿಗೆ ಅಡ್ಡಲಾಗಿಯೇ. ಹಾಗಾಗಿ ಹಾಳೆ, ರಟ್ಟು, ಬಟ್ಟೆಯ ಹಿಂದಿನ ಕಾಗದ ಎಲ್ಲದರ ನಾರೂ ಬೆನ್ನಿಗೆ ಸಮಾಂತರವಾಗಿರಲಿ. ಈ ಒಂದು ವಿಷಯ ಗೊತ್ತಿಲ್ಲದೆ ನನ್ನ ಮೊದಲ ರಟ್ಟುಗಳೆಲ್ಲ ಬಿಲ್ಲಿನಂತೆ ಬಾಗಿಹೋದವು.

ಎಂಟು ಹಾಳೆ ಮಡಿಚಿ ಒಂದರೊಳಗೊಂದು ಸೇರಿಸಿದರೆ 32 ಪುಟ. ಮಡಿಕೆಯನ್ನು ಸ್ಟೀಲ್ ಚಮಚದ ಹಿಂಬದಿಯಿಂದ ಉಜ್ಜಿ. ಮಡಿಕೆಯ ಮೇಲೆ ಮೂರು ಗುರುತು ಹಾಕಿ: ನಡುವೆ ಒಂದು, ಮೇಲಂಚು ಕೆಳಂಚಿನಿಂದ 3 ಸೆಂ.ಮೀ. ಒಳಗೆ ಒಂದೊಂದು. ದಬ್ಬಣದಿಂದ ಚುಚ್ಚಿ. ಬೆನ್ನಿನ ಎರಡೂವರೆ ಪಟ್ಟು ಉದ್ದದ ಗಟ್ಟಿ ಹತ್ತಿ ದಾರಕ್ಕೆ ಜೇನುಮೇಣ ಸವರಿ. ಸೂಜಿ ಒಳಗಿನಿಂದ ನಡುವಿನ ತೂತಲ್ಲಿ ಹೊರಬರಲಿ, ಮೇಲಿನ ತೂತಲ್ಲಿ ಒಳಹೋಗಲಿ, ನಡುವಿನದನ್ನು ಬಿಟ್ಟು ಕೆಳಗಿನ ತೂತಲ್ಲಿ ಹೊರಬರಲಿ, ಮತ್ತೆ ನಡುವಿನದರಲ್ಲಿ ಒಳಹೋಗಲಿ. ಈಗ ದಾರದ ಎರಡು ತುದಿ ಒಳಗಿನ ಉದ್ದ ಹೊಲಿಗೆಯ ಆಚೆ ಒಂದು, ಈಚೆ ಒಂದು ಇರಬೇಕು. ಹೊಲಿಗೆಯನ್ನು ನಡುವೆ ಹಿಡಿದುಕೊಂಡು ಗಂಟು ಹಾಕಿ. ದಾರ ಎಳೆಯುವಾಗ ಬೆನ್ನಿನ ಗುಂಟವೇ ಎಳೆಯಿರಿ, ಎದುರಿಗೆ ಎಳೆದರೆ ತೂತು ಹರಿಯುತ್ತದೆ.

ಹಳೆ ಪುಸ್ತಕದ ಮರುಹೊಲಿಗೆ ಇದರದೇ ಮುಂದುವರಿಕೆ. ಫಾರಂಗಳನ್ನು ಒಂದೊಂದಾಗಿ ಬಿಡಿಸಿ, ಹರಿದ ಮಡಿಕೆಗೆ ಒಳಗಿನಿಂದ ಟಿಶ್ಯೂ ಪಟ್ಟಿ ಹಾಕಿ ಒಣಗಿಸಿ, ಹಳೇ ತೂತುಗಳಲ್ಲೇ ಹೊಲಿಯಿರಿ. ಹೊಸ ತೂತು ಆದಷ್ಟೂ ಬೇಡ. ಪ್ರತಿ ಫಾರಂನ ಕೊನೆಯಲ್ಲಿ ಸೂಜಿಯನ್ನು ಕೆಳಗಿನ ಫಾರಂನ ಹೊಲಿಗೆಯೊಳಗೆ ತೂರಿಸಿ ಸರಪಳಿ ಗಂಟು ಹಾಕಿ ಮೇಲಿನದಕ್ಕೆ ಹೋಗಬೇಕು. ಹನ್ನೆರಡು ಫಾರಂನ ಪುಸ್ತಕಕ್ಕೆ ನನಗೆ ಒಂದಿಡೀ ಮಧ್ಯಾಹ್ನ ಹಿಡಿಯುತ್ತದೆ. ಈ ಕೆಲಸದಲ್ಲಿ ಕಾಯುವ ಹೊತ್ತಿಲ್ಲ, ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಕೇಳುತ್ತಾ ಹೊಲಿಯುತ್ತೇನೆ.

ರಟ್ಟು ಮತ್ತು ಖಣ

ರಟ್ಟು 2 ಮಿ.ಮೀ. ದಪ್ಪದ್ದು ಸಾಕು. ಎತ್ತರ ಪುಸ್ತಕಕ್ಕಿಂತ 6 ಮಿ.ಮೀ. ಹೆಚ್ಚು, ಅಗಲ ಪುಸ್ತಕಕ್ಕಿಂತ ಸುಮಾರು 3 ಮಿ.ಮೀ. ಕಡಿಮೆ. ಬೆನ್ನಿನ ಪಟ್ಟಿಯ ಅಗಲ ಪುಸ್ತಕದ ದಪ್ಪ ಮತ್ತು ಎರಡು ರಟ್ಟಿನ ದಪ್ಪ ಕೂಡಿಸಿದಷ್ಟು. ಬೆನ್ನಿಗೂ ರಟ್ಟಿಗೂ ನಡುವೆ 7 ಮಿ.ಮೀ. ಜಾಗ ಬಿಡಿ, ಅದು ಬಾಗಿಲಿನ ತಿರುಗಣೆಯ ಕೆಲಸ ಮಾಡುತ್ತದೆ.

ಹೊದಿಕೆಗೆ ನನಗೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವೇ ಇಷ್ಟ. ಅಮ್ಮ, ಅಜ್ಜಿಯ ಉಡಿಯಲ್ಲಿ ಬಂದ ಖಣಗಳು ಹೊಲಿಸದೆ ಪೆಟ್ಟಿಗೆಯಲ್ಲಿ ಉಳಿದಿರುತ್ತವಲ್ಲ, ಅವು. ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ನೀರು ಚಿಮುಕಿಸಿ, ಗ್ರಾನೈಟ್ ಕಟ್ಟೆಯ ಮೇಲೆ ಅಂದದ ಬದಿ ಕೆಳಗೆ ಬರುವಂತೆ ಸುಕ್ಕಿಲ್ಲದೆ ಹರಡಿ. ತೆಳು ಕಾಗದಕ್ಕೆ ಮೈದಾ ಅಂಟು ಬಳಿದು ಬಟ್ಟೆಯ ಮೇಲೆ ಇಟ್ಟು, ನಡುವಿನಿಂದ ಅಂಚಿಗೆ ಒಣ ಬ್ರಷ್‌ನಿಂದ ತೀಡಿ. ಒಂದು ದಿನ ಮುಟ್ಟಬೇಡಿ. ಒಣಗಿದ ಮೇಲೆ ಕಟ್ಟೆಯಿಂದ ಗರಿಗರಿಯಾಗಿ ಎದ್ದುಬರುತ್ತದೆ. ಈ ಕಾಗದದ ಪದರ ಇಲ್ಲದೆ ಬಟ್ಟೆಯನ್ನು ನೇರ ರಟ್ಟಿಗೆ ಅಂಟಿಸಿದರೆ ಅಂಟು ಮೇಲೆ ಸೋರಿ ಖಣದ ಹೊಳಪು ಹೋಗುತ್ತದೆ.

ರಟ್ಟುಗಳನ್ನು ಬಟ್ಟೆಗೆ ಅಂಟಿಸಿ, ಸುತ್ತ 2 ಸೆಂ.ಮೀ. ಬಿಟ್ಟು ಕತ್ತರಿಸಿ. ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ದಪ್ಪದ ಒಂದೂವರೆ ಪಟ್ಟು ಬಟ್ಟೆ ಉಳಿಯಲಿ, ಇಲ್ಲದಿದ್ದರೆ ಮೂಲೆ ಬೆತ್ತಲಾಗುತ್ತದೆ. ಅಂಚು ಒಳಗೆ ಮಡಿಸಿ. ಪುಸ್ತಕವನ್ನು ಒಳಗಿಟ್ಟು, ಪಂಚೆಯ ಚಾಚನ್ನೂ ಅದರ ಮೇಲೆ ಒಳಹಾಳೆಯನ್ನೂ (ಪುಸ್ತಕದ ಮೊದಲ ಮತ್ತು ಕೊನೆಯ ಖಾಲಿ ಹಾಳೆ) ರಟ್ಟಿಗೆ ಅಂಟಿಸಿ, ಮಧ್ಯೆ ಬಟರ್ ಪೇಪರ್ ಇಟ್ಟು ಮುಚ್ಚಿ. ಒಂದು ದಿನ ಭಾರ. ತೆರೆದು ನೋಡುವ ಆಸೆ ಆಗುತ್ತದೆ, ತೆರೆಯಬೇಡಿ.

ಎರಡು ವಾರಾಂತ್ಯದ ಲೆಕ್ಕ

ಮೊದಲ ಶನಿವಾರ ಬೆಳಿಗ್ಗೆ ಗುಡಿಸುವುದು, ಅಂಟು ಕಾಯಿಸುವುದು, ಹರಿದ ಹಾಳೆಗಳ ಮೊದಲ ಕಂತು. ಹನ್ನೊಂದರಿಂದ ಎರಡರವರೆಗೆ ಓದು. ಊಟದ ನಂತರ ಎರಡನೇ ಕಂತು, ಸಂಜೆ ಮತ್ತೆ ಓದು. ಭಾನುವಾರ ಖಣಕ್ಕೆ ಕಾಗದ, ಬೆನ್ನಿಗೆ ಅಂಟು ಅಥವಾ ಹೊಲಿಗೆ. ಮುಂದಿನ ಶನಿವಾರ ರಟ್ಟು. ಭಾನುವಾರ ಭಾರ ಇಳಿಸಿ, ಅದೇ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತುಕೊಳ್ಳಿ. ಕಾಯುವ ಹೊತ್ತಿಗೆ ಇಟ್ಟುಕೊಳ್ಳುವ ಇನ್ನೊಂದು ಪುಸ್ತಕ ಸಣ್ಣ ಕಥೆ ಅಥವಾ ಪ್ರಬಂಧಗಳದ್ದಾಗಿರಲಿ. ಕಾದಂಬರಿಯಾದರೆ ಅಂಟು ಒಣಗಿದ್ದೇ ಮರೆತುಹೋಗುತ್ತದೆ.

ಕಪಾಟು

ಸರಿಪಡಿಸಿದ್ದನ್ನು ಮತ್ತೆ ಟ್ರಂಕಿಗೆ ತುಂಬಬೇಡಿ. ನಮ್ಮ ಪುಸ್ತಕಗಳಲ್ಲಿ ಬಹುಪಾಲು ಮುದ್ರಕರು ಡೆಮಿ 1/8 ಅನ್ನುವ ಆಕಾರ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ. ಅಂದರೆ 200 ಪುಟದ ಪುಸ್ತಕ ಸುಮಾರು 1 ಸೆಂ.ಮೀ. ದಪ್ಪ, 14 ಸೆಂ.ಮೀ. ಅಗಲ, ರಕ್ಷಾಪುಟ ಸೇರಿ ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ. 75 ಸೆಂ.ಮೀ. ಹಲಗೆ ತುಂಬಿದರೆ 17-18 ಕೆ.ಜಿ. ಹಲಗೆಯ ಉದ್ದ ಎರಡು ಪಟ್ಟಾದರೆ ಬಾಗು 16 ಪಟ್ಟಾಗುತ್ತದೆ. 18 ಮಿ.ಮೀ. ಬದಲು 12 ಮಿ.ಮೀ. ಪ್ಲೈ ಹಾಕಿದರೆ ಬಾಗು ಮೂರು ಪಟ್ಟಿಗಿಂತ ಹೆಚ್ಚು. ಹಾಗಾಗಿ 18 ಮಿ.ಮೀ. ಪ್ಲೈ, 75 ಸೆಂ.ಮೀ.ಗಿಂತ ಉದ್ದ ಬೇಡ. ಕರಾವಳಿಯವರು ನೀರು ತಡೆದುಕೊಳ್ಳುವ, ಐಎಸ್ 710 ಗುರುತಿನ ಪ್ಲೈ ಕೇಳಿ.

ಆಳ 20 ಸೆಂ.ಮೀ. ಸಾಕು. ಆಳ ಹೆಚ್ಚಾದರೆ ಎರಡು ಸಾಲು ಇಡುತ್ತೇವೆ, ಹಿಂದಿನ ಸಾಲು ಹುಳುವಿನ ಪಾಲು. 8 ಅಡಿ ಉದ್ದ, 2 ಅಡಿ ಅಗಲದ ಅರ್ಧ ಹಲಗೆಯನ್ನು ಅಂಗಡಿಯಲ್ಲೇ 20 ಸೆಂ.ಮೀ. ಅಗಲದ ಮೂರು ಉದ್ದ ಪಟ್ಟಿಯಾಗಿ ಸೀಳಿಸಿ. ಒಂದರಲ್ಲಿ 120 ಸೆಂ.ಮೀ.ನ ಎರಡು ಪಕ್ಕ, ಉಳಿದೆರಡರಲ್ಲಿ 75 ಸೆಂ.ಮೀ.ನ ಐದು ಅಡ್ಡ ಹಲಗೆ ಸಿಗುತ್ತವೆ. ನೆಲ ಒರೆಸುವ ನೀರು ತಾಗದಂತೆ ಕೆಳಗಿನದನ್ನು 5 ಸೆಂ.ಮೀ. ಎತ್ತರಿಸಿ, ನಡುವೆ 26.5 ಸೆಂ.ಮೀ. ಬಿಟ್ಟು, 3 ಮಿ.ಮೀ. ತೂತು ಕೊರೆದು, ಮರದ ಅಂಟು ಹಚ್ಚಿ 50 ಮಿ.ಮೀ. ಸ್ಕ್ರೂ ಬಿಗಿಯಿರಿ. ಅಲುಗಾಡದಿರಲು ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಅಡ್ಡ ಪಟ್ಟಿ ಹೊಡೆಯಿರಿ, ಉಳಿದ ಭಾಗ ಗಾಳಿಗೆ ತೆರೆದಿರಲಿ. ಗೋಡೆಯಿಂದ ಎರಡು ಇಂಚು ದೂರ ನಿಲ್ಲಿಸಿ ಮೇಲ್ತುದಿಯನ್ನು ಬ್ರಾಕೆಟ್‌ನಿಂದ ಗೋಡೆಗೆ ಕಟ್ಟಿ, ಮನೆಯಲ್ಲಿ ಹತ್ತುವ ಮಕ್ಕಳಿದ್ದರೆ ಇದನ್ನು ಮರೆಯಲೇಬಾರದು.

ಪುಸ್ತಕ ಕಪಾಟಿಗೆ ಹೋಗುವ ಮೊದಲು ಹಿಂಬದಿ ರಟ್ಟಿನ ಒಳಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ಯಾವ ತಿಂಗಳು, ಏನು ಸರಿಮಾಡಿದ್ದು, ಯಾವ ಅಂಟು, ಖಣ ಯಾರದ್ದು.